ಅಕ್ಷರ ಆರಿಸುವಾಗ ಓದುವವರನ್ನು ನೆನೆಯಿರಿ

ಶಿವಮೊಗ್ಗದ ಗೋಪಿ ವೃತ್ತದಲ್ಲೋ ಭದ್ರಾವತಿಯ ರಂಗಪ್ಪ ವೃತ್ತದಲ್ಲೋ ಒಮ್ಮೆ ಸುಮ್ಮನೆ ನಿಂತು ಸುತ್ತ ಕಣ್ಣಾಡಿಸಿ. ಹುಟ್ಟುಹಬ್ಬದ ಶುಭಾಶಯ, ಕೋಚಿಂಗ್ ಸೆಂಟರಿನ ಬ್ಯಾನರ್, ಚಿನ್ನದಂಗಡಿಯ ಜಾಹೀರಾತು, ಶ್ರದ್ಧಾಂಜಲಿಯ ಫ್ಲೆಕ್ಸ್, ಗಣಪತಿ ಉತ್ಸವದ ಕಮಾನು. ಎಲ್ಲದರಲ್ಲೂ ಕನ್ನಡವಿದೆ, ಸಂತೋಷ. ಆದರೆ ಅವುಗಳಲ್ಲಿ ಎಷ್ಟನ್ನು ಬಸ್ಸಿನ ಕಿಟಕಿಯಿಂದ ಒಂದೇ ನೋಟಕ್ಕೆ ಓದಲು ಆಗುತ್ತದೆ? ಅಕ್ಷರಕ್ಕೆ ಹಳದಿ ಅಂಚು, ಅಂಚಿಗೆ ಕೆಂಪು ನೆರಳು, ನೆರಳಿಗೆ ಬೆಳ್ಳಿಯ ಹೊಳಪು. ಹುಟ್ಟುಹಬ್ಬಕ್ಕೂ ಅದೇ ಫಾಂಟ್, ತಿಥಿಗೂ ಅದೇ ಫಾಂಟ್. ಹೆಸರು ಯಾರದು, ದಿನಾಂಕ ಯಾವುದು, ಎಲ್ಲಿ ಸೇರಬೇಕು ಎಂದು ಹುಡುಕುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ.

ಇವುಗಳಲ್ಲಿ ಬಹುಪಾಲನ್ನು ಮಾಡುವವರು ನೀವೇ. ಡಿಟಿಪಿ ಅಂಗಡಿಯಲ್ಲಿ ಕೂತವರು ನೀವು, ಕಾಲೇಜಿನ ಕಾರ್ಯಕ್ರಮಕ್ಕೆ ಮೊಬೈಲಿನಲ್ಲೇ ಪೋಸ್ಟರ್ ಮಾಡುವವರು ನೀವು, ಅಕ್ಕನ ಮದುವೆಯ ಆಮಂತ್ರಣವನ್ನು ವಾಟ್ಸ್ಆ್ಯಪಿಗೆ ಹೊಂದಿಸಿ ಊರಿಗೆಲ್ಲ ಕಳಿಸುವವರೂ ನೀವೇ. ಹಾಗಾಗಿ ಈ ಮಾತು ನಿಮಗೆ. ಹಳಬರ ಗೊಣಗಾಟ ಎಂದು ತಳ್ಳಿಹಾಕದೆ ಸ್ವಲ್ಪ ಕೇಳಿಸಿಕೊಳ್ಳಿ. ನಿಮ್ಮ ಕೈಯಲ್ಲಿರುವ ಸೌಕರ್ಯದ ನೂರರಲ್ಲೊಂದು ಪಾಲೂ ಇಲ್ಲದ ಕಾಲದಲ್ಲಿ ಪ್ರೂಫ್ ತಿದ್ದಿದವನು ನಾನು. ಆ ಕಾಲವೇ ಚೆನ್ನಾಗಿತ್ತು ಎಂದು ಹಾಡಿ ಹೊಗಳುವುದಿಲ್ಲ. ಅದರಲ್ಲಿ ಕಲಿಯುವುದು ಇತ್ತು ಎಂದಷ್ಟೇ ಹೇಳುತ್ತೇನೆ.

ಆಗ ಅಕ್ಷರವೆಂದರೆ ಸೀಸದ ಮೊಳೆ. ಸೀಸಕ್ಕೆ ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಮೊಳೆಗಳನ್ನು ಮರದ ಖಾನೆಗಳಲ್ಲಿ ತುಂಬಿಡುತ್ತಿದ್ದರು. ಇಂಗ್ಲಿಷಿನ ಹಾಗೆ ಇಪ್ಪತ್ತಾರು ಅಕ್ಷರಕ್ಕೆ ಮುಗಿಯುವ ಕೆಲಸವಲ್ಲ ಕನ್ನಡದ್ದು. ಕಾಗುಣಿತಕ್ಕೆ ಬೇರೆ, ಒತ್ತಕ್ಷರಕ್ಕೆ ಬೇರೆ, ಅರ್ಕಾವತ್ತಿಗೆ ಬೇರೆ ಎಂದು ನೂರಾರು ಬಗೆಯ ಮೊಳೆ ಬೇಕು. ನಮ್ಮಂಥ ಊರಿನ ಸಣ್ಣ ಮುದ್ರಣಾಲಯದಲ್ಲಿ ಎರಡೋ ಮೂರೋ ಅಳತೆಯ ಅಕ್ಷರ ಇದ್ದರೆ ಅದೇ ದೊಡ್ಡದು. ಮದುವೆಗೂ ಅದೇ, ತಿಥಿಗೂ ಅದೇ, ಸಂಘದ ವಾರ್ಷಿಕ ವರದಿಗೂ ಅದೇ. ಅಲಂಕಾರಕ್ಕೆ ಸುತ್ತ ಒಂದು ಬಳ್ಳಿಯ ಚೌಕಟ್ಟು ಇಟ್ಟರೆ ಮುಗಿಯಿತು. ಬಡತನವಿತ್ತು, ನಿಜ. ಆದರೆ ಮೊಳೆ ಜೋಡಿಸುವವನು ಒಂದೊಂದು ಅಕ್ಷರವನ್ನೂ ಬೆರಳಲ್ಲಿ ಹಿಡಿದು ಇಡಬೇಕಾಗಿತ್ತು. ಸಾಲಿನ ನಡುವೆ ಎಷ್ಟು ಜಾಗ, ಶೀರ್ಷಿಕೆಯ ಕೆಳಗೆ ಎಷ್ಟು ಖಾಲಿ ಎಂದು ಯೋಚಿಸದೆ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ.

ಇಂದು ನಿಮ್ಮ ಮುಂದೆ ಫಾಂಟುಗಳ ಉದ್ದನೆಯ ಪಟ್ಟಿಯೇ ಇದೆ. ಆಯ್ಕೆ ಹೆಚ್ಚಾದಾಗ ಆರಿಸುವ ಶ್ರಮವೂ ಹೆಚ್ಚಬೇಕಿತ್ತು. ಆದದ್ದು ಬೇರೆ. ಒಬ್ಬರು ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದನ್ನು ಒತ್ತಿ ಎದ್ದುಬಿಡುತ್ತಾರೆ. ಇನ್ನೊಬ್ಬರು ಎಲ್ಲವನ್ನೂ ಒಂದೇ ಹಾಳೆಗೆ ಸುರಿಯುತ್ತಾರೆ. ಇಬ್ಬರೂ ಆರಿಸಲಿಲ್ಲ ಎಂಬುದೇ ಸತ್ಯ. ಜಗತ್ತಿನಲ್ಲಿ ಜನ ಶಪಿಸುವ ಫಾಂಟುಗಳ ಕತೆಯನ್ನು ಕೆದಕಿದರೆ ಬಹುತೇಕ ಇದೇ ಸಿಗುತ್ತದೆ. ಫಾಂಟಿಗೆ ಬಂದ ಕೆಟ್ಟ ಹೆಸರಿನ ಹಿಂದೆ ಆರಿಸದೇ ಬಳಸಿದವರ ಕೈ ಇರುತ್ತದೆ.

ಕಾಮಿಕ್ ಸಾನ್ಸ್ ಹೆಸರು ನೀವು ಕೇಳಿರುತ್ತೀರಿ. ಇಂಗ್ಲಿಷ್ ಲಿಪಿಯಲ್ಲಿ ಅದರಷ್ಟು ಬೈಸಿಕೊಂಡ ಫಾಂಟ್ ಇನ್ನೊಂದಿಲ್ಲ. ಅದನ್ನು ಮಾಡಿದ್ದು ಮೈಕ್ರೋಸಾಫ್ಟಿನಲ್ಲಿದ್ದ ವಿನ್ಸೆಂಟ್ ಕೊನೇರ್, 1994ರಲ್ಲಿ. ಹೊಸಬರಿಗೆ ಕಂಪ್ಯೂಟರ್ ಬಳಕೆಯನ್ನು ಸುಲಭ ಮಾಡುವ ಒಂದು ತಂತ್ರಾಂಶದಲ್ಲಿ ಕಾರ್ಟೂನ್ ನಾಯಿಯೊಂದು ಮಾತಾಡುತ್ತಿತ್ತು. ಅದರ ಬಾಯಿಂದ ಹೊರಟ ಮಾತೆಲ್ಲ ಗಂಭೀರ ಪತ್ರಿಕೆಯ ಟೈಮ್ಸ್ ನ್ಯೂ ರೋಮನ್ ಅಕ್ಷರದಲ್ಲಿತ್ತು. ನಾಯಿಗೆ ಇದು ಒಪ್ಪುವುದಿಲ್ಲ ಎಂದು ಕೊನೇರ್ ಕಾಮಿಕ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ತಮಾಷೆಯ ಅಕ್ಷರಗಳನ್ನು ಬರೆದರು. ಗಮನಿಸಿ, ಯಾವ ಮಾತಿಗೆ ಯಾವ ಅಕ್ಷರ ಸರಿ ಎಂದು ಯೋಚಿಸಿದ್ದರಿಂದಲೇ ಆ ಫಾಂಟ್ ಹುಟ್ಟಿತು. ಮುಂದೆ ಅದು ವಿಂಡೋಸ್ ಜತೆ ಮನೆಮನೆಗೆ ಹೋಯಿತು. ಆಸ್ಪತ್ರೆಯ ಸೂಚನೆ, ಬ್ಯಾಂಕಿನ ಪತ್ರ, ಸಮಾಧಿಯ ಕಲ್ಲು ಎಲ್ಲೆಲ್ಲೂ ಕಾಣಿಸಿಕೊಂಡಿತು. ಅಮೆರಿಕದಲ್ಲಿ ಅದನ್ನು ನಿಷೇಧಿಸಿ ಎಂದು ಒಂದು ಚಳವಳಿಯೇ ನಡೆಯಿತು.

2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಬೋಸಾನ್ ಕಣ ಸಿಕ್ಕಿತೆಂದು ಪ್ರಕಟಿಸಿದಾಗ ವಿಜ್ಞಾನಿ ಫಾಬಿಯೋಲಾ ಜಿಯಾನೊಟ್ಟಿ ತೋರಿಸಿದ ಸ್ಲೈಡುಗಳು ಕಾಮಿಕ್ ಸಾನ್ಸಿನಲ್ಲಿದ್ದವು. ಭೌತವಿಜ್ಞಾನ ಹಲವು ದಶಕ ಕಾದಿದ್ದ ಸುದ್ದಿ ಅದು. ಆದರೂ ಅಂತರಜಾಲದಲ್ಲಿ ಎಷ್ಟೋ ಜನ ಕಣವನ್ನು ಬಿಟ್ಟು ಫಾಂಟಿನ ಬಗ್ಗೆ ಮಾತಾಡಿದರು. ಅಷ್ಟು ದೊಡ್ಡ ಸಾಧನೆಗೇ ಅಕ್ಷರ ಅಡ್ಡ ಬಂತು ಎಂದಮೇಲೆ ನಮ್ಮ ನಿಮ್ಮ ಅರ್ಜಿ, ಪ್ರಾಜೆಕ್ಟ್ ವರದಿ, ಅಂಗಡಿಯ ಬೋರ್ಡಿನ ಪಾಡೇನು? ಇನ್ನೊಂದು ಮಾತನ್ನೂ ಮರೆಯಬೇಡಿ. ಓದುವಾಗ ಅಕ್ಷರ ಗುರುತಿಸಲು ತಡವರಿಸುವ ಡಿಸ್ಲೆಕ್ಸಿಯಾ ಇರುವ ಕೆಲವರಿಗೆ ಇದೇ ಕಾಮಿಕ್ ಸಾನ್ಸ್ ಓದಲು ಸುಲಭ. ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಸ್ಥೆಯೇ ಅದನ್ನು ಬಳಸಬಹುದಾದ ಫಾಂಟುಗಳಲ್ಲಿ ಹೆಸರಿಸಿದೆ. ಹಾಗಾಗಿ ಕಂಡಲ್ಲೆಲ್ಲ ಒಂದು ಫಾಂಟನ್ನು ಗೇಲಿ ಮಾಡುವುದು ಜಾಣತನವಲ್ಲ. ಯಾರಿಗಾಗಿ, ಎಲ್ಲಿ ಎಂದು ಕೇಳುವುದು ಜಾಣತನ.

ದೂರದ ಕತೆ ಸಾಕು, ನಮ್ಮ ಹೊಳೆಯ ಹೆಸರಿನದೇ ಒಂದು ಕತೆ ಇದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆಂದು ಇದ್ದ ಫಾಂಟಿನ ಹೆಸರು ‘ತುಂಗಾ’. ಶಿವಮೊಗ್ಗದವರಾದ ನಮಗೆ ಹೆಮ್ಮೆ ಎನಿಸಬೇಕಿತ್ತು. ಆದರೆ ಆಗ ನಾನು ಹೆಚ್ಚು ಕೇಳಿದ್ದು ದೂರನ್ನೇ. ಅಕ್ಷರ ಸಣ್ಣದು, ಗೆರೆ ತೆಳು, ಪಕ್ಕದ ಇಂಗ್ಲಿಷ್ ದೊಡ್ಡದಾಗಿ ಕಂಡರೆ ಕನ್ನಡ ಸೊರಗಿದ ಹಾಗೆ ಕಾಣುತ್ತದೆ, ಒತ್ತಕ್ಷರ ನೋಡಲು ಕಣ್ಣು ಕಿರಿದು ಮಾಡಬೇಕು. ದೂರಿನಲ್ಲಿ ಹುರುಳಿತ್ತು. ಆದರೆ ಆ ಕೆಲಸದ ಹಿಂದಿದ್ದವರು ಆರ್. ಕೆ. ಜೋಶಿ. ಐಐಟಿ ಬಾಂಬೆಯಲ್ಲಿ ಪಾಠ ಹೇಳಿದ, ಭಾರತೀಯ ಲಿಪಿಗಳಿಗಾಗಿಯೇ ಬದುಕನ್ನು ಕೊಟ್ಟ ದೊಡ್ಡ ಅಕ್ಷರ ಕಲಾವಿದ. ಆಗಿನ ಕಂಪ್ಯೂಟರ್ ಪರದೆಯಲ್ಲಿ ಚುಕ್ಕೆಗಳೇ ಕಡಿಮೆ. ಅಷ್ಟರಲ್ಲೇ ಕನ್ನಡದ ಕಾಗುಣಿತ, ಒತ್ತು, ಅರ್ಕಾವತ್ತುಗಳನ್ನೆಲ್ಲ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಸರಿಯಾಗಿ ಕೂರಿಸುವುದು ಸಣ್ಣ ಕೆಲಸವಾಗಿರಲಿಲ್ಲ. ಆ ಫಾಂಟ್ ಇದ್ದುದರಿಂದಲೇ ಎಷ್ಟೋ ಮಂದಿ ಮೊದಲ ಬಾರಿಗೆ ಕನ್ನಡದ ಮಿಂಚಂಚೆ ಓದಿದರು.

ಹಾಗಿದ್ದರೆ ತುಂಗಾ ಏಕೆ ಬೈಸಿಕೊಂಡಿತು? ಪರದೆಗೆಂದು ಬಂದದ್ದನ್ನು ನಾವು ಬ್ಯಾನರಿಗೂ ಎಳೆದೆವು, ಆಮಂತ್ರಣಕ್ಕೂ ಬಳಸಿದೆವು. ಕಂಪ್ಯೂಟರ್ ತಾನಾಗಿ ತೋರಿಸಿದ್ದನ್ನು ಬದಲಿಸಬಹುದೆಂಬ ಯೋಚನೆಯೇ ಬರಲಿಲ್ಲ. 2012ರಲ್ಲಿ ವಿಂಡೋಸ್ 8ರ ಜತೆ ನಿರ್ಮಲಾ ಫಾಂಟ್ ಬಂದಮೇಲೆ ಪರದೆಯ ಕನ್ನಡ ಎಷ್ಟೋ ಹದವಾಯಿತು. ಆದರೆ ಚಟ ಬದಲಾಗಲಿಲ್ಲ. ಇಂದು ನಿಮ್ಮ ಮೊಬೈಲಿನ ಆ್ಯಪಿನಲ್ಲಿ ಮೊದಲು ಕಾಣುವ ದುಂಡನೆಯ ದಪ್ಪ ಫಾಂಟನ್ನೇ ಎಲ್ಲರೂ ಒತ್ತುತ್ತಿದ್ದೀರಿ. ಇನ್ನು ಹತ್ತು ವರ್ಷಕ್ಕೆ ಅದೂ ಬೈಸಿಕೊಳ್ಳುವ ಸಾಲಿಗೆ ಸೇರುತ್ತದೆ, ನೋಡುತ್ತಿರಿ.

ಈಗ ಕನ್ನಡದ ಅಕ್ಷರಕ್ಕೇ ಹತ್ತಿರ ಬನ್ನಿ. ಶಿವಮೊಗ್ಗದಲ್ಲಿ ಲಕ್ಷ್ಮಿ ಟಾಕೀಸ್ ಎಂದರೆ ಗೊತ್ತಿಲ್ಲದವರಿಲ್ಲ. ‘ಲಕ್ಷ್ಮಿ’ ಎಂಬ ಹೆಸರನ್ನು ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆದು ನೋಡಿ. ಕ ಅಕ್ಷರಕ್ಕೆ ಗುಡಿಸು ಮೇಲೆ, ಷ ಒತ್ತು ಕೆಳಗೆ, ಅದರ ಬೆನ್ನಿಗೆ ಮ ಒತ್ತು ಇನ್ನೂ ಕೆಳಗೆ. ಮೂರು ವ್ಯಂಜನ, ಒಂದು ಸ್ವರ, ಎಲ್ಲ ಒಂದೇ ಜಾಗದಲ್ಲಿ. ಇಂಗ್ಲಿಷಿಗಾಗಿ ಅಳೆದ ಸಾಲಿನ ಅಂತರದಲ್ಲಿ ಇದನ್ನು ತುರುಕಿದರೆ ಮ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ವರ್ಡ್‌ನಲ್ಲಿ ಸಾಲಿನ ಎತ್ತರವನ್ನು ಇಷ್ಟೇ ಎಂದು ಬಿಗಿದರಂತೂ ಒತ್ತಿನ ಬುಡವೇ ಕತ್ತರಿಸಿಹೋಗುತ್ತದೆ. ಶೀರ್ಷಿಕೆಗೆ ಅಡಿಗೆರೆ ಎಳೆದರೆ ಆ ಗೆರೆ ಒತ್ತಿನ ನಡುವೆಯೇ ಹಾದುಹೋಗುತ್ತದೆ. ಇಂಗ್ಲಿಷಿನಲ್ಲಿ ಚಂದ ಕಾಣುವ ಅಡಿಗೆರೆ ಕನ್ನಡದಲ್ಲಿ ಅಕ್ಷರವನ್ನೇ ಸೀಳುತ್ತದೆ.

ಹಿಂದೆ ಬೋರ್ಡ್ ಬರೆಯುತ್ತಿದ್ದ ಪೇಂಟರುಗಳಿಗೆ ಇದನ್ನು ಯಾರೂ ಪಾಠ ಹೇಳಿರಲಿಲ್ಲ. ಅವರು ಸುಣ್ಣದ ದಾರ ಹಿಡಿದು ತಗಡಿನ ಮೇಲೆ ಎರಡು ಗೆರೆ ಹೊಡೆಯುತ್ತಿದ್ದರು. ಅಕ್ಷರದ ಮೈ ಆ ಎರಡು ಗೆರೆಗಳ ನಡುವೆ. ಅದರ ಕೆಳಗೆ ಒತ್ತಿಗೆಂದೇ ಒಂದಿಷ್ಟು ಖಾಲಿ ಬಿಟ್ಟು ಆಮೇಲೆ ಮುಂದಿನ ಸಾಲು. ಜಾಗ ಸಾಲದಿದ್ದರೆ ಅಕ್ಷರವನ್ನು ಹಿಂಡುತ್ತಿರಲಿಲ್ಲ, ಇಡೀ ಸಾಲನ್ನೇ ಸ್ವಲ್ಪ ಚಿಕ್ಕದು ಮಾಡುತ್ತಿದ್ದರು. ನೆಹರೂ ರಸ್ತೆಯ, ಗಾಂಧಿ ಬಜಾರಿನ ಎಷ್ಟೋ ಅಂಗಡಿಗಳ ಹಳೆಯ ಬೋರ್ಡುಗಳನ್ನು ರಸ್ತೆಯ ಆ ಬದಿಯಿಂದ ಓದಬಹುದಾಗಿತ್ತು.

ಫ್ಲೆಕ್ಸ್ ಬಂದಮೇಲೆ ಆ ಕುಂಚಗಳು ಮೂಲೆಗೆ ಸೇರಿದವು. ಯಂತ್ರ ಬಂದದ್ದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ಪೇಂಟರಿಗೆ ಗೊತ್ತಿದ್ದದ್ದು ಯಂತ್ರಕ್ಕೆ ಗೊತ್ತಿಲ್ಲ, ಅದನ್ನು ನಡೆಸುವ ನಿಮಗೆ ಗೊತ್ತಿರಬೇಕು. ಹೆಸರು ಉದ್ದವಾಯಿತೆಂದು ಮೌಸ್ ಹಿಡಿದು ಪಕ್ಕದಿಂದ ಒತ್ತಬೇಡಿ. ಬ್ಯಾನರ್ ಅಗಲವಾಗಿದೆಯೆಂದು ಎಳೆಯಬೇಡಿ. ಕನ್ನಡ ದುಂಡಗಿನ ಲಿಪಿ, ಹಿಂಡಿದರೆ ಅದರ ಹೊಟ್ಟೆಯೊಳಗಿನ ಬಯಲೇ ಮುಚ್ಚುತ್ತದೆ. ಇಂಗ್ಲಿಷಿನ ಇಟಾಲಿಕ್ ನೋಡಿ ಕನ್ನಡವನ್ನೂ ಓರೆ ಮಾಡಬೇಡಿ. ನಮ್ಮ ಲಿಪಿಗೆ ಅಂಥ ಸಂಪ್ರದಾಯ ಇಲ್ಲ, ಯಂತ್ರ ಅದನ್ನು ಬರಿದೆ ತಳ್ಳಿ ಬೀಳಿಸುತ್ತದೆ ಅಷ್ಟೆ.

ಭದ್ರಾವತಿಯವರು ನಿಮ್ಮ ಊರಿನ ಹೆಸರನ್ನೇ ನೋಡಿ. ಭ ಅಕ್ಷರದ ಅಡಿಯಲ್ಲಿ ಒಂದು ಸಣ್ಣ ಸೀಳು ಇದೆ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸವೆಲ್ಲ ಇರುವುದು ಅಂಥದೇ ಒಂದು ಸೀಳಿನಲ್ಲಿ. ಅತಿ ದಪ್ಪನೆಯ ಫಾಂಟನ್ನು ಸಣ್ಣ ಅಳತೆಯಲ್ಲಿ ಅಚ್ಚು ಹಾಕಿಸಿದರೆ ಆ ಸೀಳು ಶಾಯಿಯಲ್ಲಿ ಮುಚ್ಚಿಹೋಗುತ್ತದೆ. ‘ಧನಸಹಾಯ’ ಕೇಳಿದ ಕರಪತ್ರ ‘ದನಸಹಾಯ’ ಕೇಳುತ್ತದೆ. ನಕ್ಕುಬಿಡಬಹುದು. ಆದರೆ ಕೊಡುವ ಮನಸ್ಸಿನಿಂದ ಕೈಗೆತ್ತಿಕೊಂಡವರು ಅಲ್ಲೇ ನಕ್ಕು ಕೆಳಗಿಟ್ಟರೆ ನಷ್ಟ ಯಾರಿಗೆ?

ಈ ಶಾಯಿಯ ವಿಚಾರ ಭದ್ರಾವತಿಗೆ ಹೊಸದಲ್ಲ. 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆ, ನಮ್ಮ ಬಾಯಲ್ಲಿ ಎಂಪಿಎಂ, ಬರೆಯುವ ಕಾಗದವನ್ನೂ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟನ್ನೂ ತಯಾರಿಸಿತು. ನ್ಯೂಸ್‌ಪ್ರಿಂಟ್ ಶಾಯಿಯನ್ನು ಹೀರುವ ಕಾಗದ, ಅದರ ಮೇಲೆ ಗೆರೆ ಸ್ವಲ್ಪ ಹರಡುತ್ತದೆ. ಪತ್ರಿಕೆಯವರು ಅದಕ್ಕೇ ಹೊಟ್ಟೆ ಅಗಲವಾಗಿ ತೆರೆದಿರುವ, ಸೀಳು ಎದ್ದು ಕಾಣುವ ಅಕ್ಷರವನ್ನೇ ಆರಿಸುತ್ತಾರೆ. ಯಾವ ಕಾಗದ, ಯಾವ ಅಳತೆ, ಯಾವ ಯಂತ್ರ ಎಂದು ತಿಳಿದ ಮೇಲೆ ಅಕ್ಷರ. 2015ರಲ್ಲಿ ಆ ಕಾರ್ಖಾನೆಯ ಯಂತ್ರಗಳು ನಿಂತವು. ಕಾಗದನಗರದ ಮನೆಗಳಲ್ಲಿ ಬೆಳೆದ ನಿಮ್ಮಲ್ಲಿ ಹಲವರು ಅಪ್ಪನ ಕೆಲಸ ಹೋದುದನ್ನು ಕಣ್ಣಾರೆ ಕಂಡವರು. ಕಾರ್ಖಾನೆಯನ್ನು ಮತ್ತೆ ತೆರೆಸುವುದು ನಿಮ್ಮೊಬ್ಬರ ಕೈಯಲ್ಲಿಲ್ಲ. ಆದರೆ ಕಾಗದದ ಮೇಲೆ ಏನು ಹೇಗೆ ಬೀಳಬೇಕೆಂಬ ಆ ತಿಳಿವಳಿಕೆಯನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಓದಲಾಗದ ಅಕ್ಷರದಿಂದ ನಗೆಪಾಟಲಷ್ಟೇ ಆಗುತ್ತದೆ ಎಂದುಕೊಳ್ಳಬೇಡಿ. ನಮ್ಮ ಜಿಲ್ಲೆ ಅಡಿಕೆಯ ಜಿಲ್ಲೆ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದ ತೋಟವಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಬೆಳೆಗಾರರಿಗೆ ಬಾಯಿಪಾಠ. ಆದರೆ ಹೊಸದಾಗಿ ತೋಟಕ್ಕಿಳಿದವನು ಕರಪತ್ರವನ್ನೇ ನಂಬುತ್ತಾನೆ. ಈಚೆಗೆ ಅಂಥದೊಂದು ಕರಪತ್ರ ನನ್ನ ಕೈಗೆ ಬಂತು. ಅಡಿಕೆ ಮರದ ಚಿತ್ರದ ಮೇಲೆಯೇ ಹಸಿರು ಅಕ್ಷರ. ಬಳ್ಳಿಯ ಹಾಗೆ ಸುತ್ತಿಕೊಂಡ ಅಲಂಕಾರದ ಫಾಂಟ್. ಪ್ರಮಾಣವೆಲ್ಲ ಕನ್ನಡ ಅಂಕಿಯಲ್ಲಿ. ಕನ್ನಡ ಅಂಕಿ ಚೆಂದವೇ. ಆದರೆ ಆ ಸುತ್ತಾಟದಲ್ಲಿ ೬ ಯಾವುದು ೯ ಯಾವುದು, ಸೊನ್ನೆ ಯಾವುದು ಅನುಸ್ವಾರ ಯಾವುದು ಎಂದು ನನಗೇ ತಿಳಿಯಲಿಲ್ಲ. ಔಷಧಿಯ ಪ್ರಮಾಣ, ಬಸ್ಸಿನ ಸಮಯ, ಪರೀಕ್ಷೆಯ ದಿನಾಂಕ, ಫೋನ್ ಸಂಖ್ಯೆ ಇಂಥವನ್ನು ಅಲಂಕಾರದ ಫಾಂಟಿಗೆ ಎಂದೂ ಒಪ್ಪಿಸಬೇಡಿ. ಅಲ್ಲಿ ಸಾದಾ ಅಕ್ಷರ, ದೊಡ್ಡ ಅಳತೆ, ಬಿಳಿಯ ಮೇಲೆ ಕಪ್ಪು.

ಸಾವಿನ ಮನೆಗೆ ಜರತಾರಿ ಪೇಟ ಸುತ್ತಿಕೊಂಡು ಹೋಗುತ್ತೀರಾ? ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಹುಟ್ಟುಹಬ್ಬದ ಫಾಂಟ್ ಹಾಕುವುದೂ ಅದೇ ತಪ್ಪು. ತೀರಿಕೊಂಡವರ ಫೋಟೊದ ಕೆಳಗೆ ಗುಂಡು ಗುಂಡಾದ, ಕುಣಿಯುವ, ಬಂಗಾರದ ಬಣ್ಣದ ಅಕ್ಷರ ಕಂಡಾಗ ಆ ಮನೆಯವರಿಗೆ ಹೇಗಾಗಬಹುದೆಂದು ಒಂದು ಕ್ಷಣ ಯೋಚಿಸಿ. ಅವರು ನಿಮ್ಮೊಡನೆ ಜಗಳಕ್ಕೆ ಬರುವುದಿಲ್ಲ. ಆ ಹೊತ್ತಿನಲ್ಲಿ ಫಾಂಟಿನ ಬಗ್ಗೆ ಹೇಳಲು ಅವರಿಗೆ ಶಕ್ತಿ ಇರುವುದಿಲ್ಲ. ಅದಕ್ಕೇ ನೀವೇ ಯೋಚಿಸಬೇಕು ಎನ್ನುವುದು.

ಅಕ್ಷರವನ್ನು ಯೋಚಿಸಿ ಬರೆಯುವ ಗುಣ ನಮ್ಮ ಸೀಮೆಗೆ ಹೊಸತೇನಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಒಮ್ಮೆ ಹೋಗಿ ಬನ್ನಿ. ಪ್ರಣವೇಶ್ವರ ದೇಗುಲದ ಮುಂದೆ ಕದಂಬರ ಕಾಲದ ಕಂಬವೊಂದಿದೆ, ಐದನೆಯ ಶತಮಾನದ್ದು. ಭಾಷೆ ಸಂಸ್ಕೃತ, ಕವಿ ಕುಬ್ಜ. ಕಾವ್ಯ ತನ್ನದು, ಅದನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಆತ ಅಲ್ಲೇ ಹೇಳಿಕೊಂಡಿದ್ದಾನೆ. ಅಕ್ಷರಗಳ ತಲೆಯಲ್ಲಿ ಪುಟ್ಟ ಪುಟ್ಟ ಪೆಟ್ಟಿಗೆಯ ಆಕಾರ, ಕೆಳಗೆ ಸಮನಾದ ಗೆರೆ. ರಾಜನ ವಂಶದ ಕತೆಯನ್ನು ಹೇಳುವ ಕವಿಗೆ ಅಕ್ಷರದ ರೂಪವನ್ನು ಬೇರೊಬ್ಬರ ಕೈಗೆ ಬಿಟ್ಟು ಸುಮ್ಮನಿರಲು ಮನಸ್ಸಾಗಲಿಲ್ಲ. ಈ ಜಿಲ್ಲೆಯ ಶಾಸನಗಳು ಎಷ್ಟಿವೆಯೆಂದರೆ ಶಾಸನಗಳ ಸಂಶೋಧಕ ಬಿ. ಎಲ್. ರೈಸ್ ಅವುಗಳನ್ನು ಅಚ್ಚು ಹಾಕಿಸಲು 1902ರಲ್ಲಿ ಒಂದು, 1904ರಲ್ಲಿ ಇನ್ನೊಂದು ಎಂದು ಎರಡು ಸಂಪುಟ ತರಬೇಕಾಯಿತು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಅಂಗಳದಲ್ಲೂ ಕಲ್ಲುಗಳಿವೆ. ರಜೆಯ ದಿನ ಹೋಗಿ ನೋಡಿ. ಉಳಿ ಹಿಡಿದವನು ಎಲ್ಲಿ ಜಾಗ ಬಿಟ್ಟಿದ್ದಾನೆ ಎಂದು ಬೆರಳಿಟ್ಟು ಗಮನಿಸಿ.

ಕಲ್ಲಿನ ಮೇಲಿನದು ಸಾವಿರದೈನೂರು ವರ್ಷ ಉಳಿದಿದೆ. ನಮ್ಮ ಕಂಪ್ಯೂಟರಿನೊಳಗಿನದು ಹದಿನೈದು ವರ್ಷಕ್ಕೇ ಓದಲು ಬಾರದಂತಾಗಿದೆ. ಕಂಪ್ಯೂಟರಿನಲ್ಲಿ ಕನ್ನಡ ನೆಲೆ ನಿಲ್ಲಲು ದುಡಿದವರು ಹಲವರು. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇಲ್ಲದಿದ್ದರೆ ನಾವು ಎಲ್ಲಿರುತ್ತಿದ್ದೆವೋ. ಆದರೆ ಹಿಂದಿನ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಬರೆದದ್ದು ಅದೇ ಫಾಂಟಿಗೆ ಅಂಟಿಕೊಂಡಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಎಷ್ಟೋ ಸಂಘಗಳ ವರದಿ, ಎಷ್ಟೋ ಲೇಖಕರ ಹಸ್ತಪ್ರತಿ ಹೀಗೆ ಸಿಕ್ಕಿಬಿದ್ದಿವೆ.

ಇಂದಿಗೂ ಹಲವು ಡಿಟಿಪಿ ಅಂಗಡಿಗಳಲ್ಲಿ ಅದೇ ರೂಢಿ ನಡೆದಿದೆ. ಮಕ್ಕಳೇ, ಒಂದು ನಿಯಮ ಮಾಡಿಕೊಳ್ಳಿ. ಏನೇ ಬರೆದರೂ ಯೂನಿಕೋಡಿನಲ್ಲಿ ಬರೆಯಿರಿ. ಅಚ್ಚಿಗೆ ಬೇಕಾದ ಅಲಂಕಾರವನ್ನು ಆಮೇಲೆ ಮಾಡಿ. ಬರಹ ಮೊದಲು ಉಳಿಯಬೇಕು, ಫಾಂಟ್ ಯಾವಾಗ ಬೇಕಾದರೂ ಬದಲಾಗಲಿ. ಹುಡುಕಿದರೆ ಸಿಗಬೇಕು, ಕುರುಡರ ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಇಪ್ಪತ್ತು ವರ್ಷದ ನಂತರ ನಿಮ್ಮ ಮಗಳು ಅದನ್ನು ತೆರೆದರೂ ಕನ್ನಡವೇ ಕಾಣಬೇಕು.

ಇನ್ನು ಬೋರ್ಡಿನ ಮಾತು. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಒಳ್ಳೆಯದಾಯಿತು. ಆದರೆ ಕಾಯ್ದೆ ಅಳೆಯುವುದು ಜಾಗವನ್ನು ಮಾತ್ರ. ಎಷ್ಟೋ ಅಂಗಡಿಗಳ ಬೋರ್ಡಿನಲ್ಲಿ ಇಂಗ್ಲಿಷ್ ಹೆಸರಿಗೆ ಹಣ ಕೊಟ್ಟು ಮಾಡಿಸಿದ ಚೆಂದದ ಲೋಗೊ ಇದೆ, ಕನ್ನಡದ ಹೆಸರಿಗೆ ಕಂಪ್ಯೂಟರ್ ತಾನಾಗಿ ಕೊಟ್ಟ ಯಾವುದೋ ಫಾಂಟನ್ನು ಎಳೆದು ಅಂಟಿಸಿದೆ. ಅರವತ್ತು ಪಾಲು ಜಾಗ ಸಿಕ್ಕಿತು, ಮರ್ಯಾದೆ ಸಿಗಲಿಲ್ಲ. ಜಾಗ ಕೊಡಿಸುವುದು ಸರ್ಕಾರದ ಕೆಲಸ, ಮರ್ಯಾದೆ ಕೊಡಿಸುವುದು ಕಂಪ್ಯೂಟರಿನ ಮುಂದೆ ಕೂತ ನಿಮ್ಮ ಕೆಲಸ. ಗಿರಾಕಿ ‘ಏನಾದ್ರೂ ಹಾಕಪ್ಪ’ ಎಂದರೂ ನೀವು ಏನಾದರೂ ಹಾಕಬೇಡಿ. ಇಂಗ್ಲಿಷ್ ಅಕ್ಷರದ ದಪ್ಪ ಎಷ್ಟೋ ಕನ್ನಡದ್ದೂ ಅಷ್ಟೇ ಇರಲಿ, ಎರಡೂ ಒಂದೇ ಮನೆಯವು ಎನಿಸಲಿ.

ಕನ್ನಡದಲ್ಲಿ ಒಳ್ಳೆಯ ಫಾಂಟ್ ಎಲ್ಲಿದೆ ಎಂದು ಕೇಳುವ ಕಾಲ ಹೋಯಿತು. ಅರವಿಂದ ವಿ. ಕೆ. ಮಾಡಿದ ಗುಬ್ಬಿ, ನವಿಲು ಇವೆ. ನೋಟೊ ಸಾನ್ಸ್, ನೋಟೊ ಸೆರಿಫ್ ಇವೆ. ಪುಸ್ತಕದ ಓದಿಗೆ ಹೊಂದುವ ತಿರೋ ಕನ್ನಡ, ತೆಳುವಿನಿಂದ ದಪ್ಪದವರೆಗೆ ಹಲವು ಮೈಕಟ್ಟಿನ ಅನೇಕ್ ಕನ್ನಡ, ಮಕ್ಕಳ ಪುಸ್ತಕಕ್ಕೆ ಒಪ್ಪುವ ಬಾಲೂ ತಮ್ಮ, ಕೈಬರಹದ ಲವಲವಿಕೆಯ ಅಕಾಯ ಕನಡಕ, ಹುಬ್ಬಳ್ಳಿ, ಬೆಣ್ಣೆ. ಇವೆಲ್ಲ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಕದ್ದ ಫಾಂಟ್ ಬಳಸುವ ಅಗತ್ಯವೇ ಇಲ್ಲ. ವೈಷ್ಣವಿ ಮೂರ್ತಿ ಎಂಬ ಕನ್ನಡದ ಹೆಣ್ಣುಮಗಳೊಬ್ಬರು ಲಿಪಿ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡು ಹೆಸರು ಮಾಡಿದ್ದಾರೆ. ಪುಸ್ತಕದಂಗಡಿಗೆ ಹೋದರೆ ಅಪಾರ ಅವರು ಮಾಡಿದ ಮುಖಪುಟಗಳನ್ನು ತಿರುವಿ ನೋಡಿ, ಶೀರ್ಷಿಕೆಯ ಅಕ್ಷರವೇ ಪುಸ್ತಕದ ಸ್ವಭಾವ ಹೇಳುತ್ತದೆ. ಎಂಜಿನಿಯರಿಂಗ್ ಓದುವವರಿಗೂ ಚಿತ್ರ ಬರೆಯುವವರಿಗೂ ಇಲ್ಲಿ ಅನ್ನ ಇದೆ, ಹೆಸರೂ ಇದೆ.

ಕಲಿಯಲು ದೊಡ್ಡ ಕೋರ್ಸ್ ಬೇಕಿಲ್ಲ, ಕೆಲವು ಅಭ್ಯಾಸ ಸಾಕು. ಒಂದು ಹಾಳೆಗೆ ಎರಡು ಫಾಂಟ್, ಅದಕ್ಕಿಂತ ಹೆಚ್ಚು ಬೇಡ. ಮುಖ್ಯವಾದದ್ದನ್ನು ದೊಡ್ಡದು ಮಾಡಿ, ಬಣ್ಣ ಬಳಿದು ಕಿರುಚಿಸಬೇಡಿ. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು ಜಾಗ ಬಿಡಿ. ಯಾವ ಫಾಂಟನ್ನಾದರೂ ಒಪ್ಪುವ ಮುನ್ನ ಲಕ್ಷ್ಮಿ, ಭದ್ರಾವತಿ, ಧನ, ರಾಷ್ಟ್ರ, ಸ್ವಾತಂತ್ರ್ಯ ಎಂಬ ಪದಗಳನ್ನು ಅದರಲ್ಲಿ ಬರೆದು ನೋಡಿ. ಒತ್ತು ಕೂರದಿದ್ದರೆ, ಸೀಳು ಮುಚ್ಚಿದರೆ, ಎಷ್ಟೇ ಚಂದ ಇದ್ದರೂ ಕೈಬಿಡಿ. ಪರದೆಯಲ್ಲಿ ನೋಡಿ ತೃಪ್ತಿಪಡದೆ ನಿಜವಾದ ಅಳತೆಯಲ್ಲಿ ಒಂದು ಪ್ರತಿ ತೆಗೆದು ನೋಡಿ. ಬ್ಯಾನರ್ ಆದರೆ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ.

ಇವೆಲ್ಲ ನಿಮಗೆ ಆಗದ ಕೆಲಸವೇನಲ್ಲ. ರೀಲ್ಸಿಗೆ ಹಾಡು ಆರಿಸಲು ಅರ್ಧ ಗಂಟೆ ಕೂರುವವರು ನೀವು. ಅದೇ ತಾಳ್ಮೆಯ ಕಾಲು ಭಾಗವನ್ನು ಅಕ್ಷರಕ್ಕೂ ಕೊಡಿ. ಮುಂದಿನ ಬಾರಿ ಆಮಂತ್ರಣವೋ ಬ್ಯಾನರೋ ಕರಪತ್ರವೋ ಸಿದ್ಧವಾದಾಗ, ಅಚ್ಚಿಗೆ ಕಳಿಸುವ ಮುನ್ನ ಮನೆಯಲ್ಲಿರುವ ಹಿರಿಯರೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ಫಾಂಟ್ ಬದಲಿಸಿ. ನಿಲ್ಲದೆ ಓದಿ ಮುಗಿಸಿದರೆ ಧೈರ್ಯವಾಗಿ ಅಚ್ಚಿಗೆ ಕಳಿಸಿ.